ತಟ್ಟೆ ಮುಂದೆ ಸರಿಸಿದ ವರ್ಷಗಳು

ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಆ ಶನಿವಾರವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮರುದಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಪ್ರಭುಭೋಜನ, ಯೇಸುವಿನ ಕೊನೆಯ ಊಟದ ನೆನಪು. ರೊಟ್ಟಿಯ ಚಿಕ್ಕ ತುಂಡುಗಳನ್ನಿಟ್ಟ ತಟ್ಟೆ ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಬರುತ್ತದೆ. ಒಬ್ಬೊಬ್ಬರೂ ಒಂದು ತುಂಡು ತೆಗೆದುಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಅದಕ್ಕೆ ಮೊದಲು, ಶನಿವಾರ ಮಧ್ಯಾಹ್ನ, ಸಭೆಯ ಪರವಾಗಿ ಒಬ್ಬರು ಮನೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳಬೇಕು: “ಯಾರ ಮ್ಯಾಲರೆ ಮನಸ್ಸಿನಾಗ ಏನರೆ ಅದ ಏನ್ರಿ?” ಇಲ್ಲ ಎಂದವರು ಭಾನುವಾರ ರೊಟ್ಟಿ ತೆಗೆದುಕೊಳ್ಳಬಹುದು. ಇದೆ ಎಂದವರು ಅಷ್ಟರೊಳಗೆ ಹೋಗಿ ಜಗಳ ತೀರಿಸಿಕೊಳ್ಳಬೇಕು. ತೀರದಿದ್ದರೆ ತಟ್ಟೆ ಬಂದಾಗ ಮುಟ್ಟದೆ ಮುಂದೆ ಸರಿಸಬೇಕು.

ಇದು ನಮ್ಮ ಅಜ್ಜಂದಿರು ಗದಗಿನ ಕಡೆ ಮಿಷನ್ನಿನ ಮಗ್ಗಗಳಲ್ಲಿ ನೇಯುತ್ತಿದ್ದ ಕಾಲದ ಪದ್ಧತಿ. ಅಲ್ಲಿ ಎಲ್ಲರದೂ ಒಂದೇ ಓಣಿ. ಅರ್ಧ ತಾಸಿನಲ್ಲಿ ಕೇಳಿ ಮುಗಿಸಿ ಚಹಾ ಕುಡಿಯುತ್ತಿದ್ದರಂತೆ. ಪುಣೆಗೆ ಬಂದ ಮೇಲೆ ಓಣಿ ಚೆದುರಿತು, ಪದ್ಧತಿ ಮಾತ್ರ ಉಳಿಯಿತು. ಒಂದು ಮನೆ ಖಡಕಿಯಲ್ಲಿ, ಎರಡು ದಾಪೋಡಿಯಲ್ಲಿ, ನಾಲ್ಕೈದು ಘೋರ್ಪಡಿಯಲ್ಲಿ, ಯಾರೋ ಒಬ್ಬರು ಹಡಪಸರದ ತುದಿಯಲ್ಲಿ. ಉಳಿದವು ಅಲ್ಲಲ್ಲಿ, ಎಲ್ಲ ಸೇರಿ ಮೂವತ್ತು ಮನೆ. ಸಿಟಿ ಬಸ್ಸಿನಲ್ಲಿ ನಿಂತು, ಮೂವತ್ತು ಮನೆಯ ಮೆಟ್ಟಿಲು ಹತ್ತಿ ಇಳಿದು, ಮೂವತ್ತು ಸಲ ಅದೇ ಮಾತು ಕೇಳಿ ಬರುವಷ್ಟರಲ್ಲಿ ನನಗೇ ನಾಲ್ಕು ಜನರ ಮೇಲೆ ಸಿಟ್ಟು ಹುಟ್ಟಿರುತ್ತಿತ್ತು.

ನಮಗೆ ಸ್ವಂತದ ದೇವಾಲಯವೂ ಇರಲಿಲ್ಲ. ಮರಾಠಿ ಸಭೆಯವರ ಕಟ್ಟಡದಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ನಮಗೆ ಜಾಗ. ಮುಂಜಾನೆ ಅವರು ಹಾಡಿ ಹೋದ ಮೇಲೆ, ಊಟ ಮಾಡಿ ತೂಕಡಿಸುವ ಹೊತ್ತಿನಲ್ಲಿ ನಾವು ದೇವರನ್ನು ಸ್ತುತಿಸಬೇಕು. ಬೇಸಿಗೆಯಲ್ಲಿ ನಮ್ಮ ಪಾದ್ರಿ ಅಯ್ಯನವರ ಪ್ರಸಂಗ ಅರ್ಧಕ್ಕೆ ಬರುವಾಗ ಅರ್ಧ ಸಭೆ ನಿದ್ದೆಯಲ್ಲಿರುತ್ತಿತ್ತು. ನಾನೂ ಮಲಗಿದ್ದೇನೆ, ಸುಳ್ಳೇಕೆ ಹೇಳಲಿ.

ಮನೆಮನೆಗೆ ಹೋಗುವ ಕೆಲಸ ಮೊದಲು ನನ್ನ ಅಪ್ಪನದು. ಅವರು ಸೈಕಲ್ ಮೇಲೆ ಹೋಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಆ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಕ್ಯಾಂಪಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಮದುವೆಯಾಗಿರಲಿಲ್ಲ. ಮದುವೆಯಾಗದ ಹೆಂಗಸಿಗೆ ಶನಿವಾರ ಮಧ್ಯಾಹ್ನ ಬೇರೆ ಏನು ಕೆಲಸವಿದ್ದೀತು ಎಂದು ಇಡೀ ಸಭೆ ಒಮ್ಮತದಿಂದ ತೀರ್ಮಾನಿಸಿತ್ತು.

ಜನ ಉತ್ತರಿಸುವ ರೀತಿಯೂ ನೋಡುವ ಹಾಗಿರುತ್ತಿತ್ತು. “ಯಾರ ಮ್ಯಾಲೂ ಏನೂ ಇಲ್ಲವಾ ತಾಯಿ. ಆದ್ರ ಆ ಮ್ಯಾಲಿನ ಮನಿಯಾಕಿ ಅದಾಳಲ್ಲ, ಆಕಿ ಮಾರಿ ನೋಡಿದ್ರ ನನಗ ಅನ್ನ ಸೇರಂಗಿಲ್ಲ.” ಇದನ್ನು ನಾನು ಇಲ್ಲ ಎಂದು ಬರೆದುಕೊಳ್ಳಬೇಕೋ, ಇದೆ ಎಂದೋ? ಒಬ್ಬ ರೈಲ್ವೆ ಗಾರ್ಡ್ ತನ್ನ ಭಾವಮೈದುನನ ಜೊತೆ ನಲ್ಲಿ ನೀರಿಗಾಗಿ ಜಗಳವಾಡಿ, ಶನಿವಾರ ಸಂಜೆ ಆರಕ್ಕೆ ಅವನ ಕೈ ಕುಲುಕಿ, ಭಾನುವಾರ ರೊಟ್ಟಿ ತಿಂದು, ಸೋಮವಾರ ಮತ್ತೆ ಶುರು ಮಾಡುತ್ತಿದ್ದ. ವರ್ಷಕ್ಕೆ ಆರು ಸಲ ಅವರಿಬ್ಬರೂ ಕೈ ಕುಲುಕುತ್ತಿದ್ದರು. ನಾನು ಅವರನ್ನು ನೋಡಿ ನಗುತ್ತಿದ್ದೆ. ಈಗ ಅನಿಸುತ್ತದೆ, ಅವರು ನನಗಿಂತ ವಾಸಿ. ಕುಲುಕುವುದಕ್ಕಾದರೂ ಹೋಗುತ್ತಿದ್ದರಲ್ಲ.

ದೇವರ ವಾಕ್ಯದ ಪ್ರಕಾರ ಬದುಕಬೇಕು ಎಂಬುದನ್ನು ನಾನು ಹುಟ್ಟಿನಿಂದ ಪಡೆದವಳಲ್ಲ. ಯೋಚಿಸಿ, ಗೊತ್ತಿದ್ದೇ ಆಯ್ದುಕೊಂಡೆ. ನನಗಾಗ ಇಪ್ಪತ್ತಮೂರು. ಅಪ್ಪ ಒಂದು ಭಾನುವಾರ ಸಭೆಯಲ್ಲಿ ಬೈಬಲ್ ಪಾಠ ಓದಬೇಕಿತ್ತು. ಕಾಣಿಕೆ ತರುವ ಮೊದಲು ಮನಸ್ಸು ಕೆಟ್ಟಿರುವವರ ಹತ್ತಿರ ಹೋಗು ಎಂಬ ಅರ್ಥದ ಭಾಗ. ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ಬಿಟ್ಟು ಎದ್ದರು. ಕಾರ್ಖಾನೆಯ ಒಬ್ಬ ಜೊತೆಗಾರನಿಗೆ ಹಿಂದಿನ ವಾರ ಏನೋ ಅಂದಿದ್ದರಂತೆ. ಸೈಕಲ್ ಹತ್ತಿ ಪಿಂಪ್ರಿವರೆಗೆ ಹೋಗಿ, ಕ್ಷಮೆ ಕೇಳಿ, ಬೆವರಲ್ಲಿ ತೊಯ್ದು ನಾಲ್ಕು ಗಂಟೆಗೆ ಸರಿಯಾಗಿ ಬಂದು ಓದಿದರು. ಆ ಜೊತೆಗಾರ ನಮ್ಮ ಧರ್ಮದವನೂ ಅಲ್ಲ; ಇವರು ಯಾಕೆ ಬಂದರು ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ವಾಕ್ಯ ಕೇಳಿ ಮನೆಗೆ ಹೋಗುವವರು ಮೂವತ್ತು ಮನೆಯಲ್ಲೂ ಇದ್ದಾರೆ, ಕೇಳಿದ್ದನ್ನು ಮಾಡುವವರು ಇವರೊಬ್ಬರೇ ಎಂದು ನನಗೆ ಆ ದಿನ ಅನಿಸಿತು. ನಾನೂ ಮಾಡುವವಳಾಗುತ್ತೇನೆ ಎಂದು ನಿಶ್ಚಯಿಸಿದೆ. ಕಣ್ಣೀರಿಲ್ಲ, ಹಾಡಿಲ್ಲ. ಬ್ಯಾಂಕಿನಲ್ಲಿ ಅರ್ಜಿ ತುಂಬುವವರ ಹಾಗೆ ಮನಸ್ಸಿನಲ್ಲೇ ಸಹಿ ಹಾಕಿದೆ. ಆ ನಿಶ್ಚಯದಿಂದ ಆಯಾಸ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ನನಗೆ ಒಬ್ಬಳೇ ತಂಗಿ. ಅವಳು ಮದುವೆಯಾಗಿ ತಳೇಗಾಂವಕ್ಕೆ ಹೋಗಿದ್ದಳು; ಅವಳ ಗಂಡನಿಗೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಕನ್ನಡ ಸಭೆ ಇಲ್ಲ. ಮರಾಠಿ ಸಭೆಗೇ ಹೋಗುತ್ತಿದ್ದರು. ಅವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಎರಡು ವರ್ಷ ನಾನು ನೋಡಿಕೊಂಡೆ. ಆಮೇಲೆ ಅವಳು ತಂಗಿಯ ಮನೆಯಲ್ಲಿ ನಾಲ್ಕು ತಿಂಗಳು ಇದ್ದು, ಅಲ್ಲಿಯೇ ಒಂದು ಬುಧವಾರ ತೀರಿಕೊಂಡಳು. ಮೂರು ದಿನದಿಂದ ಜ್ವರವಿತ್ತಂತೆ. ನನಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ.

ಮರುದಿನ ಮಣ್ಣು. ಪುಣೆಯಿಂದ ನಮ್ಮ ಸಭೆಯ ಮೂವತ್ತು ಮನೆಯವರೂ ಲೋಕಲ್ ಗಾಡಿ ಹತ್ತಿ ತಳೇಗಾಂವಕ್ಕೆ ಬಂದಿದ್ದರು. ಎಲ್ಲರೂ ಹಿಡಿ ಮಣ್ಣು ಹಾಕಿ ಆಗಿತ್ತು. ತಂಗಿ ನನ್ನ ಕೈ ಹಿಡಿಯಲು ಬಂದಳು. ನಾನು ಕೈ ಕೊಸರಿಕೊಂಡು, ಅಷ್ಟೂ ಜನರಿಗೆ ಕೇಳುವ ಹಾಗೆ ಅಂದೆ: “ಅವ್ವನ್ನ ನನ್ನ ಕಡಿಂದ ಎಳಕೊಂಡ ಬಂದಿ. ತಂದು ಕೊಂದಿ.”

ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, “ಇನ್ನ ನಮ್ಮ ಮನಿ ಮೆಟ್ಟಲ ಹತ್ತಬ್ಯಾಡ,” ಅಂದಳು. ನಾನು ಹತ್ತಲಿಲ್ಲ.

ಮುಂದಿನ ಶನಿವಾರದ ಸುತ್ತಿಗೆ ಹೋದೆ. ಮೂವತ್ತು ಮನೆಗೂ ಹೋಗಿ ಪ್ರಶ್ನೆ ಕೇಳಿದೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿ ಇರಲಿಲ್ಲ. ಆದರೆ ನಾನು ಮನಸ್ಸಿನಲ್ಲಿ ಸಹಿ ಹಾಕಿದವಳಲ್ಲವೇ? ಭಾನುವಾರ ತಟ್ಟೆ ಬಂದಾಗ ಮುಟ್ಟದೆ ಮುಂದೆ ಸರಿಸಿದೆ. ಪಕ್ಕದವಳು ಬೆಚ್ಚಿ ನನ್ನ ಮುಖ ನೋಡಿದಳು. ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರು ಕೇಳಿದರು. “ತಂಗಿ ಜೋಡಿ ಸಮಾಧಾನ ಇಲ್ರಿ. ಅದು ಆಗೋತನಾ ನಾ ತಗೊಳ್ಳಂಗಿಲ್ಲ,” ಎಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, “ನಿಮ್ಮ ಅಪ್ಪನ ಮಗಳು ಹೌದು ನೀನು,” ಅಂದರು.

ಆ ಮಾತು ನನಗೆ ಬಹಳ ಹಿತವಾಯಿತು. ಅದೇ ತಪ್ಪಾಯಿತು ಎಂದು ಈಗ ಗೊತ್ತು.

ಹೀಗೆ ಹನ್ನೊಂದು ವರ್ಷ ನಡೆಯಿತು. ಪ್ರತಿ ಸಲ ಕ್ಯಾಂಪಿನ ಬೇಕರಿಯಿಂದ ಬ್ರೆಡ್ ತರುವವಳು ನಾನು. ಅಂಚು ತೆಗೆದು, ಬಟಾಣಿ ಕಾಳಿಗಿಂತ ತುಸು ದೊಡ್ಡದಾಗಿ ಕತ್ತರಿಸುವವಳು ನಾನು. ಬಿಳಿ ಅರಿವೆ ಇಸ್ತ್ರಿ ಮಾಡಿ ತಟ್ಟೆಗೆ ಹೊದಿಸುವವಳೂ ನಾನೇ. ಆಮೇಲೆ ತಟ್ಟೆ ನನ್ನ ಬೆಂಚಿಗೆ ಬಂದಾಗ ದಾಟಿಸುತ್ತಿದ್ದೆ. ಮೊದಮೊದಲು ತಟ್ಟೆಯ ಕಡೆ ನೋಡಲಾಗುತ್ತಿರಲಿಲ್ಲ. ನಾಲ್ಕೈದು ವರ್ಷಕ್ಕೆ ಅದು ಅಭ್ಯಾಸವಾಯಿತು. ಹೊಸದಾಗಿ ಬಂದವರಿಗೆ ಹಳಬರು ನನ್ನನ್ನು ತೋರಿಸಿ ಪಿಸುಗುಡುತ್ತಿದ್ದರು: ನೋಡ್ರಿ, ಎಂಥಾ ನಿಷ್ಠೆ. ಯುವಕರ ಕೂಟದಲ್ಲಿ ನನ್ನ ಉದಾಹರಣೆ ಕೊಡುತ್ತಿದ್ದರು. ಕೊನೆಗೆ ನನ್ನನ್ನು ಸಭೆಯ ಹಿರಿಯಳನ್ನಾಗಿ ಆರಿಸಿದರು. ನಮ್ಮಲ್ಲಿ ಹೆಂಗಸೊಬ್ಬಳು ಹಿರಿಯಳಾದದ್ದು ಅದೇ ಮೊದಲು. ರೊಟ್ಟಿ ತಿನ್ನದ ಒಬ್ಬಳೇ ಹೆಂಗಸನ್ನು ರೊಟ್ಟಿಯ ಮೇಲ್ವಿಚಾರಣೆಗೆ ಇಟ್ಟರು. ಯಾರಿಗೂ ನಗು ಬರಲಿಲ್ಲ, ನನಗೂ.

ತಂಗಿಗೆ ಒಂದೇ ಒಂದು ಸಲ ಕ್ರಿಸ್ಮಸ್ ಕಾರ್ಡು ಕಳಿಸಿದೆ. ಅಚ್ಚಾದ ಶುಭಾಶಯದ ಕೆಳಗೆ ಬರೀ ಸಹಿ. ಉತ್ತರ ಬರಲಿಲ್ಲ. ನನ್ನ ಪಾಲಿನದು ನಾನು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬಂದು ಕೇಳಲಿ, ಕೇಳಿದರೆ ಕ್ಷಮಿಸುತ್ತೇನೆ ಎಂದು ಸಿದ್ಧವಾಗಿ ಕೂತಿದ್ದೆ. ಕ್ಷಮಿಸಲು ಸಿದ್ಧವಾಗಿ ಕೂರುವುದು ಎಷ್ಟು ದಣಿವಿನ ಕೆಲಸ ಎಂದು ಕೂತವರಿಗೇ ಗೊತ್ತು. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಇರಬೇಕು.

ಎರಡು ಸಾವಿರದ ನಂತರದ ಒಂದು ಶನಿವಾರ. ಘೋರ್ಪಡಿಯ ಕೊನೆಯ ಮನೆ. ಅಲ್ಲಿ ನಮ್ಮ ಸಭೆಯ ಎಲ್ಲರಿಗಿಂತ ಹಿರಿಯ ಅಜ್ಜಿ, ನಿವೃತ್ತ ನರ್ಸ್, ಹಾಸಿಗೆ ಹಿಡಿದು ಆರೇಳು ತಿಂಗಳಾಗಿತ್ತು. ನಡೆಯಲಾಗದವರ ಮನೆಗೆ ಭಾನುವಾರ ಸಂಜೆ ಅಯ್ಯನವರೇ ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಎಂಬತ್ತು ದಾಟಿದ ಆ ಜೀವಕ್ಕೆ ಯಾವ ಸಲದ್ದು ಕೊನೆಯದಾಗುತ್ತದೋ ಯಾರಿಗೆ ಗೊತ್ತು. ನಾನು ಬಾಗಿಲಲ್ಲೇ ನಿಂತು, ಒಂದು ಕಾಲು ಹೊರಗಿಟ್ಟುಕೊಂಡು, ಬಸ್ಸಿನ ಹೊತ್ತಾಯಿತೆಂದು ಅವಸರದಲ್ಲಿ ಪ್ರಶ್ನೆ ಕೇಳಿದೆ. ಅವಳ ಉತ್ತರ ಯಾವಾಗಲೂ ಒಂದೇ. ಇಲ್ಲವಾ, ಯಾರ ಮ್ಯಾಲೂ ಏನೂ ಇಲ್ಲ.

“ಅದ,” ಅಂದಳು ಅಜ್ಜಿ.

“ಯಾರ ಮ್ಯಾಲ?”

“ನಿನ್ನ ಮ್ಯಾಲ.”

ನಾನು ಹೊರಗಿಟ್ಟ ಕಾಲು ಒಳಗಿಟ್ಟೆ. ನಾನೇನು ಮಾಡಿದೆ ಎಂದು ಕೇಳಿದೆ.

“ಏನೂ ಮಾಡಲಿಲ್ಲ, ಅದಕ್ಕ ಅದ. ಹನ್ನೊಂದ ವರ್ಷ ತಟ್ಟಿ ಮುಂದ ಸರಿಸಿದಿ. ನಿಮ್ಮಪ್ಪ ಹಂಗ ಮಾಡ್ತಿದ್ದನೇನು? ಅಂವ ಸೈಕಲ್ ಹತ್ತಿ ಹೋಗ್ತಿದ್ದ. ನೀ ರೊಟ್ಟಿ ಬಿಟ್ಟಿ, ಮಂದಿ ಭೇಷ್ ಅಂದ್ರು. ಸಿಟ್ಟು ಬಿಡಲಿಲ್ಲ. ನೋಡ್ಕೋತ ಕುಂತು ನನಗ ಸಾಕಾತು.”

“ಅದು ನಂದೂ ನನ್ನ ತಂಗಿದೂ ಮಾತು, ಆಯಿ.”

“ಇರಲಿ. ನನ್ನ ಮಾತು ನಿನ್ನ ಜೋಡಿ. ಬರಕೋ ನಿನ್ನ ವಹೀದಾಗ. ನೀ ಹೋಗಿ ಬರೋತನಾ ನಾಳೆ ನಾ ತಗೊಳ್ಳಂಗಿಲ್ಲ.” ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ? ಬಸ್ಸಿನಲ್ಲಿ ಕೂತು ಆ ಮುದುಕಿಗೆ ಮನಸ್ಸಿನಲ್ಲೇ ಬೈದೆ. ನೋವು ನುಂಗಿದವಳು ನಾನು, ತ್ಯಾಗ ಮಾಡಿದವಳು ನಾನು, ಇವಳ್ಯಾರು ಕೇಳಲಿಕ್ಕೆ? ಆದರೆ ನನ್ನದೇ ಪದ್ಧತಿ ನನ್ನನ್ನು ಕಟ್ಟಿಹಾಕಿತ್ತು. ಮೂವತ್ತು ಮನೆಯವರನ್ನು ಹನ್ನೊಂದು ವರ್ಷ ಹೋಗಿ ತೀರಿಸಿಕೊಳ್ಳಿ ಎಂದು ಅಟ್ಟಿದವಳು ನಾನು. ಹೋಗದಿದ್ದರೆ ಒಬ್ಬ ಅಜ್ಜಿಯ ಬಾಯಿಂದ, ಪ್ರಾಯಶಃ ಅವಳ ಕೊನೆಯ ತುತ್ತನ್ನು, ನಾನು ಕಿತ್ತುಕೊಳ್ಳಬೇಕಾಗಿತ್ತು. ಅದಾಗದು.

ಭಾನುವಾರ ಮುಂಜಾನೆ ಲೋಣಾವಳಾ ಲೋಕಲ್ ಹಿಡಿದೆ. ಗಾಡಿ ಖಾಲಿಯಿತ್ತು. ದಾಪೋಡಿ ದಾಟಿತು, ಪಿಂಪ್ರಿ ದಾಟಿತು, ಆಕುರ್ಡಿ ದಾಟಿತು. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ತಿರುಗಿ ಹೋಗೋಣವೆನಿಸುತ್ತಿತ್ತು.

ಇಲ್ಲಿಯವರೆಗೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಹನ್ನೊಂದು ವರ್ಷ ಬಿಟ್ಟು ಬಿಟ್ಟು ಅಭ್ಯಾಸವಾಗಿದೆ. ಅವ್ವನನ್ನು ತಂಗಿ ಎಳೆದುಕೊಂಡು ಹೋಗಲಿಲ್ಲ. ನಾನೇ ಪತ್ರ ಬರೆದು ಕರೆಸಿದ್ದೆ. ಎರಡು ವರ್ಷ ಕಚೇರಿಗೆ ಹೋಗುವ ಮೊದಲು, ಬಂದ ಮೇಲೆ, ಅವ್ವನ ಹಾಸಿಗೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಒಂದು ದಿನ ಅವ್ವ ಗಂಜಿ ಉಗುಳಿದಾಗ ನಾನು ಬಟ್ಟಲನ್ನು ಗೋಡೆಗೆ ಎಸೆದೆ. ಅಂದೇ ತಂಗಿಗೆ ಬರೆದೆ: ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ, ಬಂದು ಕರೆದುಕೊಂಡು ಹೋಗು. ಅವಳು ಮೂರನೆಯ ದಿನ ಬಂದಳು, ಏನೂ ಕೇಳದೆ ಕರೆದುಕೊಂಡು ಹೋದಳು. ಅವ್ವನನ್ನು ಅವಳು ಕರೆದೊಯ್ದ ದಿನ ನಾನು ಬಾಗಿಲು ಹಾಕಿಕೊಂಡು ಹನ್ನೆರಡು ತಾಸು ಮಲಗಿದೆ. ಎದ್ದಾಗ ಹಗುರವಾಗಿತ್ತು. ಆ ಹಗುರಕ್ಕೆ ನನ್ನನ್ನು ನಾನು ಎಂದೂ ಕ್ಷಮಿಸಲಿಲ್ಲ, ಅದಕ್ಕೇ ಮಣ್ಣಿನ ದಿನ ಅದನ್ನು ತಂಗಿಯ ತಲೆಗೆ ಕಟ್ಟಿದೆ. ಅವಳು ಆ ಪತ್ರದ ಮಾತನ್ನು ಜನರೆದುರು ಆಡಬಹುದಿತ್ತು. ಆಡಲಿಲ್ಲ.

ತಳೇಗಾಂವ ಗುರುತು ಸಿಗದ ಹಾಗೆ ಬದಲಾಗಿತ್ತು. ಹೊಲವಿದ್ದಲ್ಲಿ ಕಾಲೊನಿ, ಕಾಲೊನಿಯ ಹಿಂದೆ ಮತ್ತೊಂದು ಕಾಲೊನಿ. ತಂಗಿಯ ಮನೆಗೆ ಹೋದರೆ ಬೀಗ. ಪಕ್ಕದವರು ಚರ್ಚಿಗೆ ಹೋಗಿದ್ದಾರೆ ಎಂದರು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿಯೂ ಅವತ್ತು ಪ್ರಭುಭೋಜನ. ಅವರದು ಪ್ರತಿ ತಿಂಗಳ ಮೊದಲ ಭಾನುವಾರ. ತಂಗಿ ನನ್ನಿಂದ ನಾಲ್ಕು ಬೆಂಚು ಮುಂದೆ, ಗೋಡೆಗೆ ಒತ್ತಿ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಹಿಂದಿನಿಂದ ನೋಡಿದರೆ ಥೇಟು ಅವ್ವ.

ತಟ್ಟೆ ಬಂತು. ಅವಳ ಬೆಂಚಿನ ಒಬ್ಬೊಬ್ಬರೂ ತೆಗೆದುಕೊಂಡರು. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಗಳಿಗೆ ತಲೆ ಬಾಗಿಸಿ, ಮುಟ್ಟದೆ ಹಿಂದಿನ ಬೆಂಚಿಗೆ ದಾಟಿಸಿದಳು.

ನಾನು ನೋಡುತ್ತಿದ್ದುದನ್ನು ಕಂಡು ನನ್ನ ಪಕ್ಕದ ಮರಾಠಿ ಹೆಂಗಸು ಕಿವಿಯ ಹತ್ತಿರ ಬಾಗಿದಳು. “ತೀ ಕಧೀಚ ಘೇತ ನಾಹೀ,” ಅಂದಳು. ಆಕೆ ಎಂದೂ ತೆಗೆದುಕೊಳ್ಳುವುದಿಲ್ಲ. ಎಷ್ಟೋ ವರ್ಷ ಆಯಿತು, ಕಾರಣ ಹೇಳುವುದಿಲ್ಲ. ಏನೋ ದೊಡ್ಡ ಪಾಪ ಮಾಡಿರಬೇಕು. ಮೊದಲು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು, ಚೆನ್ನಾಗಿಯೇ ಕಲಿಸುತ್ತಿದ್ದಳು. ರೊಟ್ಟಿ ತೆಗೆದುಕೊಳ್ಳದವಳ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದು ಬಿಡಿಸಿದರು.

ಆ ಊರಿನಲ್ಲಿ ಶನಿವಾರ ಮನೆಮನೆಗೆ ಬಂದು ಕೇಳುವವರಿಲ್ಲ. ತೆಗೆದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೂ ಅದೇ ಅಪ್ಪನ ಮಗಳು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ನಾನು ಮಾಡಿದ್ದನ್ನೇ ಅವಳೂ ಮಾಡಿದ್ದಳು, ಅಷ್ಟೇ ವರ್ಷ. ನನ್ನನ್ನು ಹಿರಿಯಳನ್ನಾಗಿ ಮಾಡಿದರು, ಅವಳಿಂದ ಮಕ್ಕಳನ್ನು ಕಿತ್ತುಕೊಂಡರು.

ಪ್ರಾರ್ಥನೆ ಮುಗಿದು ಜನ ಹೊರಗೆ ಹೋಗುವಾಗ ಅವಳು ತಿರುಗಿ ನನ್ನನ್ನು ನೋಡಿದಳು. ಬೆರಗಾಗಲಿಲ್ಲ. ಬಂದು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ನನ್ನ ಬೆಂಚಿನಲ್ಲೇ ಕೂತಳು. ಮೊಣಕಾಲು ಹಿಡಿದುಕೊಂಡೇ ಕೂತಳು. ಇಬ್ಬರಿಗೂ ವಯಸ್ಸಾಗಿತ್ತು.

“ಅವ್ವನ್ನ ನಾ ಕೊಂದಿಲ್ಲಕ್ಕ,” ಎಂದಳು. ಹನ್ನೊಂದು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಅದು.

“ಗೊತ್ತದ.”

“ಯಾವಾಗಿಂದ ಗೊತ್ತದ?”

ಸುಳ್ಳು ಹೇಳಬಹುದಿತ್ತು. ನಿನ್ನೆಯಿಂದ ಎನ್ನಬಹುದಿತ್ತು. “ಅಂದಾಗಿಂದನ ಗೊತ್ತದ. ಅನ್ನೋ ಮೊದಲನ ಗೊತ್ತಿತ್ತು,” ಎಂದೆ.

“ಗೊತ್ತಿದ್ದೂ ಬರಲಿಲ್ಲ?”

“ಗೊತ್ತಿದ್ದೂ ಬರಲಿಲ್ಲ.”

ಹೊರಗೆ ಜನ ಚಹಾ ಕುಡಿಯುತ್ತ ಮಾತಾಡುತ್ತಿದ್ದರು. ತಪ್ಪಾಯಿತು, ಕ್ಷಮಿಸು ಎಂದೆ. ಕಲಿಸುವುದನ್ನು ಬಿಡಿಸಿದ್ದು ಈಗಷ್ಟೇ ಗೊತ್ತಾಯಿತು ಎಂದೆ. ಅವಳು ತಲೆ ಅಲ್ಲಾಡಿಸಿದಳು.

“ಇಲ್ಲಿ ನನ್ನ ಕಿವಿಯಾಗ ಅಂದ್ರ ಏನ ಉಪಯೋಗ ಅದ ಅಕ್ಕ? ಮಂದಿ ಮುಂದ ಅಂದಿದ್ದಿ. ಮಂದಿ ಮುಂದ ತಿರುಗಿ ತಗೋ.”

“ಇಲ್ಲೇ, ಈ ಮಂದಿ ಮುಂದ?”

“ಈ ಮಂದಿ ಕೇಳಿಲ್ಲ. ನಿಮ್ಮ ಸಭೀ ಮಂದಿ ಕೇಳ್ಯಾರ. ಇವತ್ತಿಗೂ ನನ್ನ ಹಂಗ ತಿಳ್ಕೊಂಡಾರ.” ಎದ್ದು ಸೆರಗು ಸರಿ ಮಾಡಿಕೊಂಡಳು. “ನಾ ಬರಂಗಿಲ್ಲ. ನೀ ಅಂದ್ರ ನನಗ ಗೊತ್ತಾಗ್ತದ.”

ಮನೆಗೆ ಬಾ ಎನ್ನಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ತಿರುಗಿ ಬರುವ ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲ. ನಿಂತೇ ಬಂದೆ. ಲೋಣಾವಳಾಕ್ಕೆ ಹೋಗಿದ್ದ ಜನ ಚಿಕ್ಕಿ ಪೊಟ್ಟಣ ಬಿಚ್ಚಿ ತಿನ್ನುತ್ತ ನಗುತ್ತಿದ್ದರು. ನನಗೆ ಒಂದೇ ಯೋಚನೆ: ಇಷ್ಟು ವರ್ಷ ಗಳಿಸಿದ ಹೆಸರು ಸಂಜೆ ಐದರೊಳಗೆ ಹೋಗುತ್ತದೆ. ಒಳಗಿಂದ ಒಂದು ದನಿ ಹೇಳುತ್ತಿತ್ತು, ಇವತ್ತು ಬೇಡ, ದಣಿದಿದ್ದೀ, ಎರಡು ತಿಂಗಳ ಮೇಲೆ ನೋಡೋಣ. ದಣಿದಿದ್ದದ್ದೂ ನಿಜ. ಬೆನ್ನು ನೆಟ್ಟಗಿಟ್ಟು ಕೂತೂ ಕೂತೂ ದಣಿದಿದ್ದೆ. ಇನ್ನೆರಡು ತಿಂಗಳು ಹಾಗೆ ಕೂರುವ ಶಕ್ತಿ ನನಗಿರಲಿಲ್ಲ. ಧೈರ್ಯ ಬಂತು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಬಂದದ್ದು ಧೈರ್ಯವಲ್ಲ, ಸಾಕು ಎನ್ನುವ ಭಾವ.

ನಾಲ್ಕು ಗಂಟೆಗೆ, ರೊಟ್ಟಿ ಎತ್ತುವ ಮೊದಲು, ಅಯ್ಯನವರ ಅಪ್ಪಣೆ ಕೇಳಿ ಮುಂದೆ ಹೋಗಿ ನಿಂತೆ. ಅವ್ವನ ಮಣ್ಣಿಗೆ ಬಂದವರು ಬಹಳ ಜನ ಅಲ್ಲಿದ್ದರು. ಹೇಳಿದೆ. ತಂಗಿ ಅವ್ವನನ್ನು ಎಳೆದುಕೊಂಡು ಹೋಗಲಿಲ್ಲ, ನಾನೇ ಪತ್ರ ಬರೆದು ಕಳಿಸಿದೆ. ನನಗೆ ಬೇಸರವಾಗಿತ್ತು. ನಾನಂದದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಅಂದೆ. ನೀವು ನನ್ನನ್ನು ಹೊಗಳಿದ ಹನ್ನೊಂದು ವರ್ಷವೂ ಗೊತ್ತಿತ್ತು. ಬಟ್ಟಲು ಎಸೆದದ್ದನ್ನೂ ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ಒಂದು ಸಲ ಬಾಯಿ ಬಿಟ್ಟರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಮಧ್ಯಾಹ್ನದ ನಿದ್ದೆ ಅವತ್ತು ಯಾರ ಕಣ್ಣಲ್ಲೂ ಇರಲಿಲ್ಲ. ರೈಲ್ವೆ ಗಾರ್ಡ್ ತನ್ನ ಚಪ್ಪಲಿ ನೋಡುತ್ತಿದ್ದ. ಅಯ್ಯನವರು ಗಂಟಲು ಸರಿಮಾಡಿಕೊಂಡು ಪ್ರಾರ್ಥನೆ ಮುಂದುವರಿಸಿದರು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ. ತಟ್ಟೆ ಬಂತು. ಪಕ್ಕದವಳು ಈ ಸಲವಾದರೂ ತೆಗೆದುಕೋ ಎನ್ನುವ ಹಾಗೆ ಹಿಡಿದಳು. ನಾನು ಅದನ್ನು ಮುಂದೆ ಸರಿಸಿದೆ. ಸಂಜೆ ಅಯ್ಯನವರ ಜೊತೆ ಘೋರ್ಪಡಿಗೆ ಹೋಗಿ, ಹೋಗಿ ಬಂದೆ ಎಂದು ಅಜ್ಜಿಗೆ ಹೇಳಿದೆ. ಅವಳು ಒಂದು ಮಾತೂ ಕೇಳದೆ ಬಾಯಿ ತೆರೆದಳು. ಅಯ್ಯನವರು ತುಂಡು ಇಟ್ಟರು.

ಸೋಮವಾರ ಕಚೇರಿಯಲ್ಲಿ ನನಗೊಂದು ಫೋನ್ ಬಂತು.

“ಅಂದಿ ಅಂತಲ್ಲ,” ಎಂದಳು ತಂಗಿ. ಖಡಕಿಯ ಯಾರೋ ಅವಳಿಗೆ ಫೋನ್ ಮಾಡಿದ್ದರಂತೆ.

“ಹೂಂ.”

“ಪತ್ರದ್ದೂ ಅಂದ್ಯೇನು?”

“ಪತ್ರದ್ದೂ ಅಂದೆ.”

“ಮತ್ತ, ತಗೊಂಡ್ಯೇನು?”

“ಇಲ್ಲ.”

“ಯಾಕ? ಬಂದಿ, ಕೇಳಿದಿ, ಮಂದಿ ಮುಂದ ಅಂದಿ. ಇನ್ನೇನ ಉಳದಿತ್ತು?”

“ನೀ ತಗೊಂಡಿದ್ದಿಲ್ಲಲ,” ಎಂದೆ.

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅವಳು ಆರಿಸಲು ಹೋಗಲಿಲ್ಲ. ಮತ್ತೊಂದು ಸೀಟಿ ಹೊಡೆಯಿತು.

“ಮೆಟ್ಟಲ ಹತ್ತಬ್ಯಾಡ ಅಂದಾಕಿ ನಾನೂ ಹೌದಲ ಅಕ್ಕ,” ಎಂದಳು. ಆಮೇಲೆ ಬೇರೆ ದನಿಯಲ್ಲಿ, ತಳೇಗಾಂವದ ಬಸ್ಸಿನ ಸಮಯ ಹೇಳುವವಳ ಹಾಗೆ: “ಮುಂದಿನ ತಿಂಗಳ ಮೊದಲ ಭಾನುವಾರ ಮುಂಜಾನಿ ಬಾ. ಎಂಟರ ಗಾಡಿ ಹಿಡಿ. ನನ್ನ ಬಾಜೂಕ ಕೂಡು.”

ಆಯಿತು ಎನ್ನಲು ಬಾಯಿ ತೆರೆದೆ, ಬಂದದ್ದು ಅಳು. ಅವ್ವ ಸತ್ತಾಗ ನಾನು ಅತ್ತಿರಲಿಲ್ಲ, ಬೈದಿದ್ದೆ. ಹನ್ನೊಂದು ವರ್ಷ ತಡವಾಗಿ, ಇಡೀ ಕಚೇರಿ ಕೆಲಸ ನಿಲ್ಲಿಸಿ ನೋಡುತ್ತಿರುವಾಗ, ಫೋನ್ ಕಿವಿಗೆ ಒತ್ತಿಕೊಂಡು ಅವ್ವನಿಗಾಗಿ ಅತ್ತೆ. ಆ ಕಡೆಯಿಂದಲೂ ಯಾರೂ ಫೋನ್ ಇಡಲಿಲ್ಲ.